ಕೋಳಿ ಖಾತೆಗೆ ಎರಡು ಕಿಲೋ

ಮೊದಲು ಲೆಕ್ಕ.
ಮುಸುಕಿನ ಜೋಳ, ಒಣಗಿದ್ದು, ಎರಡು ಕಿಲೋ.
ಕುಶಾಲನಗರದ ಕೋಳಿ ಆಹಾರದ ಅಂಗಡಿಯಿಂದ
ಜೀಪಿನ ಹಿಂದಿನ ಸೀಟಲ್ಲಿ ಬಂದದ್ದು.
ಪಾಲಿಬೆಟ್ಟದ ಈ ತೋಟಕ್ಕೆ ನಾನು ರೈಟರು,
ಬಂದದ್ದಕ್ಕೆಲ್ಲ ಒಂದು ಖಾತೆ ಬೇಕು.
ಬೇರೆ ತೋಚದೆ ಕೋಳಿಗೆ ಬರೆದೆ.

ತಿನ್ನುವವಳು ಕೋಳಿಯಲ್ಲ.
ವೆನಿಲ್ಲಾ ಬಳ್ಳಿ ನೋಡಲು ಬಂದವಳು,
ಬೆಲೆ ಬಿದ್ದ ವರ್ಷ ನಾವು ಕೈಬಿಟ್ಟ ಬಳ್ಳಿ.
ಅವಳ ಪಪಾಂತ್ಲಾದಲ್ಲಿ ಅದು ಕಾಡಿಗೆ ತಾನೇ ಹಬ್ಬುತ್ತದಂತೆ,
ಹೂವಿಗೆ ಜೇನು ತಾನೇ ಬರುತ್ತದಂತೆ.
ಇಲ್ಲಿ ನಾವು ಕಡ್ಡಿ ಹಿಡಿದು
ಒಂದೊಂದು ಹೂವಿಗೂ ಮದುವೆ ಮಾಡಿಸಿದ್ದೆವು.
ಹೆಸರು ಎವುಲಾಲಿಯಾ. ದೇಚವ್ವ ಎರಡೇ ದಿನಕ್ಕೆ
ಅದನ್ನು ಸುಲಿದು ಲಾಲವ್ವ ಮಾಡಿದರು.

ಒಂದು ತಿಂಗಳು ಅಕ್ಕಿ ಒಟ್ಟಿ ತಿಂದಳು, ಕಡಂಬುಟ್ಟು ತಿಂದಳು,
ಹಂದಿ ಕರಿಗೆ ಎರಡೆರಡು ಸಲ ತಟ್ಟೆ ಚಾಚಿದಳು.
ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು
ಅಂಗೈಗೆ ಅಂಗೈ ತಟ್ಟಿ ತೋರಿಸಿದಳು.
ಚಪ್ಪಾಳೆಯಲ್ಲ, ರೊಟ್ಟಿ.
ನಮ್ಮೂರಲ್ಲಿ ಬೆಳಗಾಗುವುದು ಈ ಸದ್ದಿಗೆ, ಎಂದಳು.

ಸುಣ್ಣ ಕೇಳಿದಳು.
ಗೋಡೆಗಾ, ಎಂದರು ದೇಚವ್ವ.
ಜೋಳಕ್ಕೆ ಎಂದಾಗ ನನ್ನ ಮುಖ ನೋಡಿದರು,
ತರ್ಜುಮೆ ತಪ್ಪಿತೇ ಎಂಬಂತೆ.
ತಪ್ಪಿರಲಿಲ್ಲ.
ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು
ಉಗುರಿನಲ್ಲಿ ಒಂದಿಷ್ಟು ಕೆರೆದು ಹಾಕಿದರು,
ವೀಳ್ಯಕ್ಕೆ ಹಚ್ಚುವ ಅಳತೆ.
ಲಾಲವ್ವ ಡಬ್ಬಿಯನ್ನೇ ಬೋರಲು ಹಾಕಿದಳು.
ಆ ಸಂಜೆ ದೇಚವ್ವನ ಬಾಯಿ ಕೆಂಪಾಗಲಿಲ್ಲ.

(ಸುಣ್ಣ, ಒಂದು ಡಬ್ಬಿ: ಖಾತೆ ಇಲ್ಲ.)

ಸುಣ್ಣದ ನೀರಲ್ಲಿ ಕುದಿದ ಜೋಳ ಇರುಳಿಡೀ ನೆನೆಯಿತು.
ಬೆಳಿಗ್ಗೆ ತಿಕ್ಕಿದರೆ ಸಿಪ್ಪೆ ಜಾರಿ ಬಂತು,
ಪಲ್ಪರಿನಲ್ಲಿ ಕಾಫಿಹಣ್ಣಿನ ತೊಗಟೆ ಜಾರುವ ಹಾಗೆ.
ಹಳದಿ ಇನ್ನಷ್ಟು ಹಳದಿಯಾಗಿತ್ತು.
ವಾಸನೆ, ಹೇಗೆ ಹೇಳಲಿ,
ಹೊಸದಾಗಿ ಬಳಿದ ಗೋಡೆಯ ಹಿಂದೆ ಯಾರೋ ತೆನೆ ಸುಡುತ್ತಿರುವ ಹಾಗೆ.

ಅಮ್ಮತ್ತಿಯ ಮಿಲ್ಲಿನ ಕುಂಞಾಲಿ ಒದ್ದೆ ಕಾಳು ಕಂಡದ್ದೇ
ಬೆಲ್ಟು ಕಳಚಿಟ್ಟ.
"ಮೆಕ್ಕೆಜೋಳ, ರೈಟರೇ! ಹೆಸರಲ್ಲೇ ಮೆಕ್ಕಾ ಉಂಟು.
ಮರ್ಯಾದೆ ಕೊಡಿ, ಒಣಗಿಸಿ ತನ್ನಿ."
ಇವಳು ಎದೆ ಮುಟ್ಟಿಕೊಂಡಳು: ನನ್ನ ಊರಿನದು,
ಮನುಷ್ಯರನ್ನು ಮಾಡಿದ್ದೇ ಇದರ ಹಿಟ್ಟಿನಿಂದ,
ನನ್ನ ಅಜ್ಜಿ ಹೇಳುತ್ತಿದ್ದಳು.
ಕುಂಞಾಲಿ ಅವಳನ್ನು ಮೇಲಿಂದ ಕೆಳಗೆ ನೋಡಿ
ಇರಬಹುದು ಎಂದ.
ಬೆಲ್ಟು ಮಾತ್ರ ಹಾಕಲಿಲ್ಲ.

ಹಿತ್ತಿಲ ನಲ್ಲಿಯ ಬಳಿ ಬಟ್ಟೆ ಒಗೆಯುವ ಕಲ್ಲು,
ಒಂದು ಕಾಲಕ್ಕೆ ಅರೆಯುವ ಕಲ್ಲು.
ಲೈನ್‌ಮನೆಯ ಬೊಳ್ಳಿ ಅದನ್ನು ಮಗುಚಿ, ಸೋಪಿನ ಕಲೆ ತೊಳೆದಳು.
ಇಬ್ಬರೂ ಮಂಡಿಯೂರಿ ಸರದಿಯಂತೆ ಅರೆದರು.
ಬೊಳ್ಳಿ ಒಮ್ಮೆ ಅವಳ ಮೊಣಕೈ ಹಿಡಿದು ತಿದ್ದಿದಳು,
ಆಮೇಲೆ ಅವಳು ಬೊಳ್ಳಿಯದನ್ನು.
ನನಗೆ ಕೆಲಸವಿರಲಿಲ್ಲ, ನೊಣ ಓಡಿಸಿದೆ.

ಕಾವಲಿಯ ಮೇಲೆ ಮೂರು ಹರಿದವು.
ನಾಲ್ಕನೆಯದು ಉಸಿರು ತುಂಬಿಕೊಂಡು ಎದ್ದಿತು.
ರೊಟ್ಟಿ ಉಬ್ಬಿದರೆ ಹುಡುಗಿ ಮದುವೆಗೆ ಸಿದ್ಧ, ಎಂದಳು ಲಾಲವ್ವ.
ಐದನೆಯದು ದೇಚವ್ವ ತಟ್ಟಿದ್ದು. ಅದೂ ಉಬ್ಬಿತು.
ಎಪ್ಪತ್ತಾರರ ಆಕೆ ಸೆರಗು ಸರಿಮಾಡಿಕೊಂಡರು.

ನೆಂಜಿಕೊಳ್ಳಲು ಬೆಣ್ಣೆಹಣ್ಣು ಕಿವುಚಿದ್ದು,
ಪರಂಗಿ ಮಾಳು ಜಜ್ಜಿ ಕಾಚಂಪುಳಿ ಬೆರೆಸಿದ್ದು.
ಕಡಿದಳು. ಕಣ್ಣು ತುಂಬಿ, ಮೂಗು ಸುರಿದು,
ಇದೂ ನಮ್ಮದು, ಎಂದಳು.
"ನಿನ್ನದಾ? ನಮ್ಮಜ್ಜಿ ಕಾಲದಿಂದ ಬೇಲಿಯಲ್ಲಿ ಉಂಟು,
ಹಕ್ಕಿ ಬಿತ್ತುತ್ತದೆ, ನಾವು ಕೊಯ್ಯುತ್ತೇವೆ!"
ಏನಂತೀರಿ ಇದಕ್ಕೆ?
ಪರಂಗಿ ಮಾಳು.
ಪರಂಗಿ ಅಂದರೆ?
ದೇಚವ್ವ ಬಾಯಿ ತೆರೆದರು, ಹಾಗೇ ಮುಚ್ಚಿದರು.
ನಾನು ತರ್ಜುಮೆ ಮಾಡಲಿಲ್ಲ.
ಅಲ್ಲೇ ಚಪ್ಪರದಲ್ಲಿ ಸೀಮೆಬದನೆ ತೂಗುತ್ತಿತ್ತು,
ಅದು ಇವಳ ಕಣ್ಣಿಗೆ ಬೀಳದಿರಲಿ ಎಂದುಕೊಂಡೆ.

ತಿಂಗಳ ಕೊನೆಗೆ ಮ್ಯಾನೇಜರು ಸಾಲಿನ ಮೇಲೆ ಬೆರಳಿಟ್ಟರು.
ತೋಟದಲ್ಲಿ ಕೋಳಿ ಎಲ್ಲಿದೆ, ರೈಟರೇ?
ಮುಂಗುಸಿ ಸಾರ್, ಎಂದೆ.
ಅವಳು ಹಿಂದಿನ ದಿನವೇ ಹೊರಟಿದ್ದಳು,
ಡಬ್ಬಿಗೆ ಹೊಸ ಸುಣ್ಣ ತುಂಬಿಸಿ.
ಈಗ ಬೊಳ್ಳಿ ಇನ್ನೊಂದು ಕಿಲೋ ಕೇಳಿದ್ದಾಳೆ.
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.